ಹಲ್ಲಿನ ಡಾಕ್ಟರ್‌ಬಾಯಿ ಹಾಡು ಕಲಿತದ್ದು

ನಲವತ್ತು ದಾಟಿದ ಮೇಲೆ ಹಾಡು ಕಲಿಯಲು ಹೊರಟವರಿಗೆ ಮನೆಯಲ್ಲಿ, ಓಣಿಯಲ್ಲಿ, ದಾರಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಗೋಕಾಕದಲ್ಲಿ ಹಲ್ಲಿನ ಡಾಕ್ಟರು. ಕೆಳಗೆ ದವಾಖಾನೆ, ಮೇಲೆ ಮನೆ. ನಮ್ಮ ಕಡೆ ಹೆಣ್ಣು ಡಾಕ್ಟರನ್ನು ‘ಡಾಕ್ಟರ್‌ಬಾಯಿ’ ಅನ್ನುತ್ತಾರೆ, ಎದುರಿಗೆ ಬಂದರೆ ‘ಬಾಯಾರ’ ಅಂತ ಕರೆಯುತ್ತಾರೆ. ಇಷ್ಟು ವರ್ಷ ಬೇರೆಯವರ ಬಾಯಿ ತೆಗೆಸಿದವಳು ನನ್ನ ಬಾಯಿ ತೆಗೆದದ್ದೇ ತಡ, ಇವೆಲ್ಲ ಶುರುವಾದವು.

ಮ್ಯಾಲ, ಇನ್ನೂ ಮ್ಯಾಲ

ಕೆಲಸ ಮಾಡುವಾಗ ಗುನುಗುವ ಚಟ ನನಗೆ ಮೊದಲಿನಿಂದ ಇತ್ತು. ಪೇಶಂಟುಗಳು ಯಾರೂ ತಕರಾರು ಮಾಡಿರಲಿಲ್ಲ. ಬಾಯಲ್ಲಿ ಹತ್ತಿ, ಮಶೀನು, ನನ್ನ ಎರಡು ಬೆರಳು ಇದ್ದಾಗ ತಕರಾರು ಮಾಡುವುದಾದರೂ ಹೇಗೆ?

ಒಂದು ದಿನ ಮೂಡಲಗಿಯಿಂದ ಒಬ್ಬ ಹಿರಿಯರು ಬಂದರು. ಹೈಸ್ಕೂಲಿನಲ್ಲಿ ಸಂಗೀತದ ಮಾಸ್ತರರಾಗಿ ರಿಟೈರ್ ಆದವರು ಅಂತ ನನಗೆ ಆಮೇಲೆ ಗೊತ್ತಾಯಿತು. ದವಡೆ ಹಲ್ಲು ಕೆಟ್ಟಿತ್ತು. ದವಡೆ ಮರಗಟ್ಟಲು ಸೂಜಿ ಮಾಡಿ, ಹಲ್ಲು ಕೊರೆಯುತ್ತ ನನ್ನ ಪಾಡಿಗೆ ನಾನು ಗುನುಗತೊಡಗಿದೆ. ಸ್ವಲ್ಪ ಹೊತ್ತಿಗೆ ಅವರು ಅಂಗೈ ಮೇಲೆ ಮಾಡಿ ‘ಎತ್ತು, ಎತ್ತು’ ಅನ್ನುವಂತೆ ಸನ್ನೆ ಮಾಡಿದರು. ಕುರ್ಚಿ ತಗ್ಗಾಯಿತೇನೋ ಅಂದುಕೊಂಡು ಕಾಲಿನಿಂದ ಬಟನ್ ಒತ್ತಿ ಕುರ್ಚಿ ಏರಿಸಿದೆ. ಕೆಲಸ ಮುಂದುವರಿಯಿತು, ಗುನುಗುವುದೂ ಮುಂದುವರಿಯಿತು. ಅವರು ಮತ್ತೆ ಕೈ ಎತ್ತಿದರು. ನಾನು ಮತ್ತೆ ಏರಿಸಿದೆ. ಈ ಸಲ ಅವರು ಹಣೆ ಗಂಟಿಕ್ಕಿ ಎರಡೂ ಕೈ ಎತ್ತಿದರು. ಪಾಪ, ಬಹಳ ತ್ರಾಸಾಗುತ್ತಿರಬೇಕು ಅಂತ ಪೂರ್ತಿ ಏರಿಸಿಬಿಟ್ಟೆ. ಕೊನೆಗೆ ನಾನೇ ತುದಿಗಾಲ ಮೇಲೆ ನಿಂತು ಹಲ್ಲು ನೋಡಬೇಕಾಯಿತು. ಕುರ್ಚಿಯ ದೀಪಕ್ಕೆ ಅವರ ಹಣೆ ಮುಟ್ಟುವುದೊಂದು ಬಾಕಿ.

ಹತ್ತಿ ತೆಗೆದ ಮೇಲೆ, ಬಾಯಿ ತೊಳೆದುಕೊಂಡು, ಆ ಎತ್ತರದಲ್ಲೇ ಕುಳಿತು ಹೇಳಿದರು: “ಕುರ್ಚಿ ಅಲ್ರಿ ಬಾಯಾರ, ಸ್ವರ! ಸ್ವರ ಕೆಳಗ ಬಿದ್ದಿತ್ತು, ಒಂದೀಟ ಮ್ಯಾಲ ತಗೋರಿ ಅಂತ ಹೇಳಾಕತ್ತಿದ್ದೆ.”

ಕಡೀಕ ಹತ್ತಿದ ಸಾ

ಹಾಗೆ ಅವರು ನನ್ನ ಗುರುಗಳಾದರು. ಪ್ರತಿ ಭಾನುವಾರ ಬೆಳಗ್ಗೆ ಕಾರು ತಗೊಂಡು ಮೂಡಲಗಿಗೆ ಹೋಗುವುದು, ಅವರ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂರುವುದು, ‘ಸಾ’ ಅನ್ನುವುದು. ಅಷ್ಟೇ. ನಾನು ಒಂದೆರಡು ತಿಂಗಳಲ್ಲಿ ಹಾಡಿನ ಮಟ್ಟಕ್ಕೆ ಬರುತ್ತೇನೆ ಅಂದುಕೊಂಡಿದ್ದೆ. ಮಳೆಗಾಲ ಹೋಗಿ ಚಳಿಗಾಲ ಬಂದರೂ ಮಾಸ್ತರರು ನನ್ನನ್ನು ‘ಸಾ’ ಬಿಟ್ಟು ‘ರೀ’ಗೆ ಕಳಿಸಲಿಲ್ಲ.

“ಇದಲ್ರಿ. ಇದೂ ಅಲ್ಲ. ಇದು ಅದರ ಬಾಜೂದ್ದು.” ಮಾಸ್ತರರು ಕಣ್ಣು ಮುಚ್ಚಿಕೊಂಡು ಹಾರ್ಮೋನಿಯಂನ ಒಂದೇ ಸ್ವರದ ಮನೆ ಒತ್ತುತ್ತ ಕೂರುವರು. ಅಡುಗೆಮನೆಯಲ್ಲಿ ಅವರ ಹೆಂಡತಿ ರೊಟ್ಟಿ ಬಡಿಯುವರು; ಅವರನ್ನು ನಾನು ಕಾಕು ಅನ್ನುತ್ತೇನೆ. ನನ್ನ ಸಾ ಕೇಳಿ ಕೇಳಿ ಕಾಕುಗೂ ಬಾಯಿಪಾಠ ಆಗಿತ್ತು.

ಒಂದು ಭಾನುವಾರ ನನ್ನ ಗಂಟಲು ಒಣಗಿ, ನೀರಿನ ತಂಬಿಗೆ ಎತ್ತಿ ಕುಡಿಯುತ್ತಿದ್ದೆ. ಅಷ್ಟರಲ್ಲಿ ಮಾಸ್ತರರು ಕಣ್ಣು ಮುಚ್ಚಿಕೊಂಡೇ ತೊಡೆ ತಟ್ಟಿದರು.

“ಹಾಂ! ಹತ್ತಿತು! ಬಾಯಾರ, ಇದ ನೋಡ್ರಿ ಸಾ! ಬಿಡಬ್ಯಾಡ್ರಿ, ಹಿಡೀರಿ, ಹಂಗ ಹಿಡೀರಿ!”

ನನ್ನ ಬಾಯಲ್ಲಿ ನೀರಿತ್ತು. ಏನು ಹಿಡಿಯಬೇಕೋ ತಿಳಿಯದೆ ತಂಬಿಗೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಆ ಸ್ವರ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗದೆ ಮನೆ ತುಂಬ ತುಂಬಿತ್ತು. ಆಮೇಲೆ ಥಟ್ಟನೆ ನಿಂತಿತು.

“ಯಾಕ ಬಿಟ್ರಿ?” ಅಂತ ಮಾಸ್ತರರು ಬೇಜಾರಿನಿಂದ ಕಣ್ಣು ತೆರೆದರು.

ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಅಂದರು: “ಅಕಿ ಎಲ್ಲಿ ಬಿಟ್ಟಾಳ? ಬ್ಯಾಳಿ ಬೆಂದಿತ್ತು, ಕುಕ್ಕರ್ ನಾನ ಇಳಿಸೀನಿ.”

ಪಾಪದ ಪೇಶಂಟು

ಮನೆಯಲ್ಲಿ ದಿನಾ ನಸುಕಿನಲ್ಲಿ ಅಭ್ಯಾಸ ಮಾಡಬೇಕು ಅಂತ ಮಾಸ್ತರರು ತಾಕೀತು ಮಾಡಿದರು. ನನ್ನ ಯಜಮಾನರಿಗೆ ಪಂಪ್‌ಸೆಟ್ಟಿನ ಅಂಗಡಿ. ದಿನವಿಡೀ ಮೋಟಾರಿನ ಸಪ್ಪಳದಲ್ಲಿ ಇರುವ ಮನುಷ್ಯ, ನನ್ನ ಸಪ್ಪಳಕ್ಕೆ ಏನೂ ಅನ್ನಲಿಲ್ಲ. ತಲೆದಿಂಬನ್ನು ಕಿವಿಯ ಕೆಳಗಿನಿಂದ ತೆಗೆದು ಕಿವಿಯ ಮೇಲೆ ಇಟ್ಟುಕೊಂಡರು, ಅಷ್ಟೇ.

ನಾನು ಕೆಳಗೆ ದವಾಖಾನೆಯಲ್ಲಿ ಕೂತು ಶುರು ಮಾಡಿದೆ. ಮೂರ್ನಾಲ್ಕು ದಿನಕ್ಕೆ ಎದುರು ಮನೆಯ ಕಾಕಾ ಗೇಟಿನಲ್ಲಿ ತಡೆದರು. ಬಹಳ ಅಂತಃಕರಣದ ಮನುಷ್ಯ. ಮುಖ ಸಣ್ಣದು ಮಾಡಿಕೊಂಡಿದ್ದರು.

“ಬಾಯಾರ, ತಪ್ಪ ತಿಳೀಬ್ಯಾಡ್ರಿ. ನಸಿಕಿನಾಗ ಅರ್ಜಂಟ್ ಪೇಶಂಟ್ ಬರಾಕತ್ತಾರೇನ್ರಿ?”

“ಇಲ್ಲಲ್ರಿ ಕಾಕಾ, ಯಾಕ?”

“ದಿನಾ ಯಾವಾಕಿನೋ ಒಬ್ಬಾಕಿ ಒದರಾಕತ್ತಾಳಲ್ರಿ. ನಮ್ಮಾಕಿಗೆ ಅದನ್ನ ಕೇಳಿ ಚಹಾ ಸೈತ ಒಳಗ ಇಳಿಯವಲ್ದು. ಸೂಜಿ ಮಾಡಿ ಕೀಳ್ರಿ ಪಾಪ, ಅದೂ ಒಂದು ಜೀವ.”

ಹಿಂದೆ ನಮ್ಮ ಯಜಮಾನರು ಸ್ಕೂಟರಿನ ಚಕ್ರ ನೋಡುವ ನೆವದಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಗಲು ಅಲುಗಿಸುತ್ತ ನಗುತ್ತಿದ್ದರು. ಒದರುವಾಕಿ ನಾನೇ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. “ಹೂಂನ್ರಿ ಕಾಕಾ, ನಾಳಿಂದ ಸೂಜಿ ಮಾಡೇ ಕೀಳತೀನಿ” ಅಂದೆ.

ಮರುದಿನ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಅರ್ಧ ದನಿಯಲ್ಲಿ ಹಾಡಿದೆ. ಸಂಜೆ ಕಾಕಾ ಓಣಿಯ ಆ ತುದಿಯಿಂದಲೇ ಕೈ ಎತ್ತಿ ಕೂಗಿದರು: “ಬಾಯಾರ, ಚಲೋ ಕೆಲಸ ಮಾಡಿದ್ರಿ! ಇವತ್ತ ಬರೇ ನರಳಿದ್ಲು ನೋಡ್ರಿ!”

ಕಾರಿನೊಳಗಿನ ಕಣ್ಣೀರು

ಕಾಕಾನ ಮನೆಯವರ ಚಹಾ ಉಳಿಸುವ ಸಲುವಾಗಿ ಅಭ್ಯಾಸವನ್ನು ಕಾರಿಗೆ ಸಾಗಿಸಿದೆ. ವಾರಕ್ಕೊಮ್ಮೆ ಯಮಕನಮರಡಿಯ ಒಂದು ದವಾಖಾನೆಯಲ್ಲಿ ಪೇಶಂಟು ನೋಡಲು ಹೋಗುತ್ತೇನೆ. ದಾರಿಯಲ್ಲಿ ನಾನೊಬ್ಬಳೇ. ಗಾಜು ಏರಿಸಿಕೊಂಡರೆ ಯಾರ ಹಂಗೂ ಇಲ್ಲ.

ಒಮ್ಮೆ ಕಬ್ಬಿನ ಟ್ರ್ಯಾಕ್ಟರ್ ಒಂದು ಟೈರು ಒಡೆದು ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಗಾಡಿಗಳ ಸಾಲು. ಹೊತ್ತು ಕಳೆಯಲೆಂದು ಕಣ್ಣು ಮುಚ್ಚಿ ಆಲಾಪ ಹಿಡಿದೆ. ಅಷ್ಟೊತ್ತಿಗೆ ನಾನು ‘ಸಾ’ ದಾಟಿದ್ದೆ, ಮಾಸ್ತರರ ಹಾಗೆ ಕೈ ಮಾಡಿ ಹಾಡುವುದನ್ನೂ ಕಲಿತಿದ್ದೆ. ಸ್ವರ ಏರಿದರೆ ಕೈ ಹಣೆಗೆ, ಇಳಿದರೆ ಎದೆಗೆ. ಮೇಲಿನ ಸ್ವರಕ್ಕೆ ಮುಖವೂ ಸೊಟ್ಟಗಾಗುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ, ತಾನಾಗಿ ಬಂದದ್ದು.

ಗಾಜಿನ ಮೇಲೆ ಟಕಟಕ ಸಪ್ಪಳವಾಯಿತು. ಕಣ್ಣು ತೆರೆದರೆ ಬಾಜೂಕ್ಕೆ ಒಂದು ಟೆಂಪೊ ನಿಂತಿದೆ. ಅದರ ತುಂಬ ಕೂತ ಹೆಣ್ಣುಮಕ್ಕಳು ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿದ್ದಾರೆ. ಅವರಲ್ಲೊಬ್ಬ ವಯಸ್ಸಾದ ಅವ್ವ ಇಳಿದು ಬಂದು ಗಾಜು ಬಡಿಯುತ್ತಿದ್ದಳು. ಇಳಿಸಿದೆ.

ಆಕೆ ನನ್ನ ತಲೆ ಸವರಿದಳು. “ಅಳಬ್ಯಾಡ ನನ್ನವ್ವ, ಅಳಬ್ಯಾಡ. ಹಿಂಗ ಎದಿ ಎದಿ ಬಡಕೊಂಡ್ರ ಏನ ಬಂತು? ಗಂಡಸರ ಬುದ್ಧಿನ ಅಷ್ಟ. ಮನಿಗಿ ಹೋಗು. ಊಟ ಬಿಡಬ್ಯಾಡ.” ಅಷ್ಟು ಹೇಳಿ ಮಡಿಲಿನಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದಳು. ಟೆಂಪೊದಲ್ಲಿದ್ದವರೆಲ್ಲ “ಹೌದವ್ವ, ಹೌದು” ಅಂದರು. ಅಷ್ಟು ಮಂದಿಯ ಮರುಕದ ಎದುರು ‘ನಾನು ಆಲಾಪ ಮಾಡುತ್ತಿದ್ದೆ’ ಅನ್ನುವುದು ಹೇಗೆ? ತಲೆಯಾಡಿಸಿ ಶೇಂಗಾ ತಿಂದೆ.

ಸಂಜೆ ಮನೆಗೆ ಬಂದಾಗ ಯಜಮಾನರು ನನಗಾಗಿ ಚಹಾ ಮಾಡಿಟ್ಟುಕೊಂಡು ಕೂತಿದ್ದರು. ಆದರೂ ಒಂದು ತಾಸು ಅವರ ಜೊತೆ ನಾನು ಮಾತಾಡಲಿಲ್ಲ. ಆ ಅವ್ವ ಅಷ್ಟು ಖಾತ್ರಿಯಿಂದ ಹೇಳಿದ್ದಾಳೆ ಅಂದ ಮೇಲೆ ಇವರು ಏನೋ ಒಂದು ಮಾಡಿರಲೇಬೇಕಲ್ಲ!

ಗುಂಯ್ ಅನ್ನೂ ಮಶೀನು

ಶ್ರುತಿ ಕಿವಿಯಲ್ಲಿ ಕೂರಬೇಕು, ಸದಾ ಕೇಳುತ್ತಿರಿ ಅಂತ ಮಾಸ್ತರರು ಒಂದು ವಿದ್ಯುತ್ ತಂಬೂರಿ ಕೊಡಿಸಿದರು. ಸಣ್ಣ ಡಬ್ಬಿ, ಗುಂಡಿ ತಿರುವಿದರೆ ಗುಂಯ್ ಅಂತ ಮಿಡಿಯುತ್ತಲೇ ಇರುತ್ತದೆ. ಅದನ್ನು ದವಾಖಾನೆಯಲ್ಲಿ ಕುರ್ಚಿಯ ಹಿಂದೆ ಇಟ್ಟಿದ್ದೆ.

ಕೌಜಲಗಿಯ ರೈತರೊಬ್ಬರು ಗಲ್ಲ ಊದಿಸಿಕೊಂಡು ಬಂದರು. ಊತ ಇಳಿಯದೆ ಹಲ್ಲಿಗೆ ಕೈ ಹಚ್ಚುವ ಹಾಗಿರಲಿಲ್ಲ. ಅವರನ್ನು ಕುರ್ಚಿಯ ಮೇಲೆ ಒರಗಿಸಿ, ಬಾಯಿ ನೋಡಿ, ಮಾತ್ರೆ ಬರೆದು ಕೊಟ್ಟು, “ನಾಕ ದಿನ ಬಿಟ್ಟು ಬರ್ರಿ” ಅಂದೆ. ನಾಲ್ಕು ದಿನಕ್ಕೆ ಅವರು ನಗುತ್ತ ಬಂದರು. ಜೊತೆಗೆ ತಮ್ಮನೂ ಇದ್ದ. ಅವನ ಗಲ್ಲಕ್ಕೆ ಟವೆಲು ಕಟ್ಟಿತ್ತು.

“ಗುಳಿಗಿ ಎಲ್ಲಾ ತಗೊಂಡ್ರೇನ್ರಿ?” ಅಂತ ಕೇಳಿದೆ.

“ಗುಳಿಗಿ ತಗೊಳ್ಳೂ ಜರೂರನ ಬೀಳಲಿಲ್ರಿ ಬಾಯಾರ. ಅವತ್ತ ಹಿಂದಿಂದ ಗುಂಯ್ ಅಂತ ಕರೆಂಟ್ ಬಿಟ್ರಲ್ಲ, ಮನಿ ಮುಟ್ಟೂದ್ರಾಗ ಬ್ಯಾನಿ ಅರ್ಧ ಹೋತು. ಇವಂಗೂ ಅದನ್ನ ಹಚ್ರಿ.”

ಅದು ಹಾಡಿಗೆ ಹಚ್ಚುವ ತಂಬೂರಿ ಅಂತ ನಾನು ತಿಳಿಸಿ ಹೇಳಿದೆ. ತಮ್ಮನ ಹಲ್ಲು ನೋಡಿದೆ, ಅಣ್ಣನಿಗೆ ಗುಳಿಗೆ ನುಂಗಲೇಬೇಕೆಂದು ಗದರಿದೆ. ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಹೊರಗೆ ಹೋಗುತ್ತ ಅಣ್ಣ ತಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು: “ದೊಡ್ಡ ಡಾಕ್ಟರು ಹಂಗ, ಒಳಗಿನ ವಿದ್ಯಾ ಬಿಟ್ಟು ಕೊಡಂಗಿಲ್ಲ.”

ಹುಕ್ಕೇರಿಯಲ್ಲಿ ಒಂದು ‘ವಾಹ್’

ನಗೆಪಾಟಲಿನ ನಡುವೆಯೇ ನನ್ನ ದನಿ ಒಂದು ದಾರಿಗೆ ಬರುತ್ತಿತ್ತು. ಆಲಾಪ ದಾಟಿ ಮುಂದೆ ಹೋದೆ. ಒಂದು ವಚನ ಪೂರ್ತಿ ಬಂತು. ಮಾಸ್ತರರು ಒಂದು ಸಲ “ಅಡ್ಡಿಯಿಲ್ಲ” ಅಂದರು. ಅವರ ಬಾಯಲ್ಲಿ ‘ಅಡ್ಡಿಯಿಲ್ಲ’ ಬಂದರೆ ಬೇರೆಯವರು ಹಾರ ಹಾಕಿದ ಹಾಗೆ. ಅವತ್ತು ಕಾರು ಓಡಿಸುತ್ತ ಗೋಕಾಕಕ್ಕೆ ಬಂದದ್ದೇ ನೆನಪಿಲ್ಲ.

ಆಮೇಲೆ ಅವರೇ ಹುಕ್ಕೇರಿಯ ಒಂದು ಮಠದಲ್ಲಿ ತಿಂಗಳಿಗೊಮ್ಮೆ ಸಂಜೆ ನಡೆಯುವ ವಚನಗಾಯನಕ್ಕೆ ನನ್ನ ಹೆಸರು ಕೊಟ್ಟುಬಂದರು. ಹಾಡು ಮರೆಯುತ್ತದೆ ಅನ್ನುವ ಹೆದರಿಕೆಗಿಂತ ಒಂದು ಆಸೆಯೇ ಹೆಚ್ಚು ಕಾಡುತ್ತಿತ್ತು. ಮನೆಯವರಲ್ಲದ, ಗುರುಗಳಲ್ಲದ, ಯಾವ ಮುಲಾಜೂ ಇಲ್ಲದ ಒಬ್ಬರು ಒಂದೇ ಒಂದು ಸಲ ನನ್ನ ಹಾಡಿಗೆ ‘ವಾಹ್’ ಅನ್ನಬೇಕು. ಒಂದು ಸಾಕು.

ಅಂದು ವೇದಿಕೆ ಹತ್ತಿ ನೋಡಿದರೆ ಎದುರಿಗೆ ಅರ್ಧಕ್ಕರ್ಧ ನನ್ನ ಪೇಶಂಟುಗಳು. ಮಾಸ್ತರರು ಹಾರ್ಮೋನಿಯಂ ಹಿಡಿದರು. ಎಡಕ್ಕೆ ತಬಲಾದ ಹುಡುಗ. ಕಣ್ಣು ಮುಚ್ಚಿ ಶುರು ಮಾಡಿದೆ. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ಸರಿಹೋಯಿತು. ನಡುವೆ ಒಂದು ಕಡೆ ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ತಡೆದು ನಿಲ್ಲಬೇಕು. ಮನೆಯಲ್ಲಿ ಹತ್ತರಲ್ಲಿ ಒಂಬತ್ತು ಸಲ ಕೈಕೊಡುತ್ತಿದ್ದ ಜಾಗ. ಉಸಿರು ಕಟ್ಟಿ ಹೋದೆ. ಸ್ವರ ಹತ್ತಿತು!

“ವಾಹ್!”

ಕಣ್ಣು ತೆರೆದೆ. ಮುಂದಿನ ಸಾಲಿನಲ್ಲಿ ನನ್ನ ಹಳೆಯ ಪೇಶಂಟು, ಘೋಡಗೇರಿಯ ಒಬ್ಬ ಅಜ್ಜ, ಎರಡೂ ಕೈ ಎತ್ತಿ, ಮುಂದಕ್ಕೆ ಬಾಗಿ, ಬಾಯಿ ಪೂರ್ತಿ ತೆರೆದಿದ್ದರು. ಆ ‘ವಾಹ್’ನ ರಭಸಕ್ಕೆ ಅವರ ಮೇಲಿನ ಹಲ್ಲಿನ ಸೆಟ್ಟು ಬಾಯಿಂದ ಹಾರಿ, ವೇದಿಕೆಗೆ ಬಂದು, ತಬಲಾದ ಎಡಗಡೆಯ ದಪ್ಪ ಡಗ್ಗಾದ ಮೇಲೆ ‘ಧಪ್’ ಅಂತ ಬಿತ್ತು. ಅದೂ ತಾಳದ ಮೊದಲ ಪೆಟ್ಟಿಗೆ ಸರಿಯಾಗಿ! ಆ ಸೆಟ್ಟು ನಾನೇ ಕಟ್ಟಿಕೊಟ್ಟದ್ದು. ಸಡಿಲಾದರೆ ತೋರಿಸಿ ಅಂದಿದ್ದೆ, ಅಜ್ಜ ಬಂದಿರಲಿಲ್ಲ.

ತಬಲಾದ ಹುಡುಗ ಬಾರಿಸುವುದರಲ್ಲಿ ಮೈಮರೆತಿದ್ದ. ಯಾರೋ ಮೆಚ್ಚಿ ನಾಣ್ಯ ಎಸೆದರು ಅಂದುಕೊಂಡು, ಜನರತ್ತ ತಲೆ ಬಾಗಿಸಿ, ನೋಡದೆಯೇ ಅದನ್ನು ಎತ್ತಿ ಭಕ್ತಿಯಿಂದ ಒಂದು ಕಣ್ಣಿಗೆ ಒತ್ತಿಕೊಂಡ, ಇನ್ನೊಂದು ಕಣ್ಣಿಗೆ ಒತ್ತಿಕೊಂಡ. ಜೇಬಿಗೆ ಹಾಕುವಾಗ ನೋಡಿದ. “ಯವ್ವಾ!” ಅಂತ ಕೂಗಿ ಕೈ ಕೊಡವಿದ. ಹಲ್ಲು ಜಾರಿಕೊಂಡು ಬಂದು ನನ್ನ ಮೊಣಕಾಲಿನ ಎದುರು ನಿಂತು ನನ್ನನ್ನೇ ನೋಡಿ ನಕ್ಕಿತು.

ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು. ನನಗೂ ಒಳಗಿನಿಂದ ನಗು ಉಕ್ಕಿ ಬರುತ್ತಿತ್ತು. ಮಾಸ್ತರರು ಮಾತ್ರ ಹಾರ್ಮೋನಿಯಂ ನಿಲ್ಲಿಸದೆ ಕೆಂಗಣ್ಣು ಬಿಟ್ಟರು. ಹೇಗೋ ಮುಖ ಗಟ್ಟಿ ಮಾಡಿ, ವಚನ ಪೂರ್ತಿ ಹಾಡಿದೆ. ಚಪ್ಪಾಳೆ ಬಹಳ ಹೊತ್ತು ಬಿತ್ತು. ನನಗೆ ಎಷ್ಟು, ಹಲ್ಲಿಗೆ ಎಷ್ಟು ಅಂತ ಪಾಲು ಮಾಡಲು ಹೋಗಲಿಲ್ಲ.

ಕೆಳಗಿಳಿದಾಗ ಅಜ್ಜ ಬಾಯಿಗೆ ರುಮಾಲಿನ ತುದಿ ಅಡ್ಡ ಹಿಡಿದುಕೊಂಡು ಬಂದರು. “ಸಿಟ್ಟ ಮಾಡಬ್ಯಾಡ್ರಿ ಬಾಯಾರ. ಹಾಡ ಅಷ್ಟ ಛಂದ ಇತ್ತು, ತಡಕೊಳ್ಳಾಕ ಆಗಲಿಲ್ಲ.” ಹಲ್ಲಿಲ್ಲದ ಬಾಯಲ್ಲಿ ಅರ್ಧ ಅಕ್ಷರ ಗಾಳಿಯಾಗಿ ಹೋದರೂ ನನಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು.

ವಾಪಸು ಬರುವಾಗ ಮಾಸ್ತರರು ನನ್ನ ಕಾರಿನಲ್ಲೇ ಕೂತಿದ್ದರು. ಊರು ದಾಟಿದ ಮೇಲೆ ನಾನೇ ಅಳುಕುತ್ತ ಕೇಳಿದೆ: “ಮಾಸ್ತರ, ಖರೇ ಹೇಳ್ರಿ. ಆ ಮ್ಯಾಲಿನ ಸ್ವರ ನಿಂತಿತ್ತೇನ್ರಿ?”

ಮಾಸ್ತರರು ಕಣ್ಣು ಮುಚ್ಚಿ, ಆ ಸ್ವರವನ್ನು ಮತ್ತೊಮ್ಮೆ ಮನಸ್ಸಿನಲ್ಲೇ ತೂಗಿ ನೋಡಿ ಹೇಳಿದರು:

“ಸ್ವರ ಗಟ್ಟಿ ನಿಂತಿತ್ರಿ ಬಾಯಾರ. ಹಲ್ಲ ನಿಲ್ಲಲಿಲ್ಲ.”