ಕೆಂಬಾಳೆ ಉಳಿಸಿದ ಯೋಜನೆ

ಅಂದು ಬೆಳಿಗ್ಗೆ ಕಲಬುರಗಿಯ ಮೇಲೆ ದೇವರ ಕರುಣೆಯಂತೆ ಸಣ್ಣಗೆ ಮಳೆ ಹಿಡಿದಿತ್ತು. ಶಹಾಬಜಾರದ ಬಾಡಿಗೆ ಕೋಣೆಯಲ್ಲಿ ನೀಲಕಂಠನಿಗೆ ಮಾತ್ರ ಬೆವರು.

ಅಳಿಯುವ ತಳಿಗಳನ್ನು ಉಳಿಸುವ ಸಂಸ್ಥೆಯೊಂದರಲ್ಲಿ ಅವನ ನೌಕರಿ. ಪರದೇಶದ ಹಣದಲ್ಲಿ ಕಮಲಾಪುರದ ಕೆಂಬಾಳೆ ಉಳಿಸಬೇಕು. ಹಣವೇನೋ ಬಂತು. ವಿಚಾರಸಂಕಿರಣಕ್ಕೆ ಹೋಯಿತು, ಜೀಪಿಗೆ ಹೋಯಿತು, ತೋಟಕ್ಕಿಂತ ದೊಡ್ಡ ಬೋರ್ಡಿಗೆ ಹೋಯಿತು, ಬೇಲಿಗೆ ಉಳಿಯಲಿಲ್ಲ. ನೆಟ್ಟ ಬಾಳೆ ಮರಿಗಳನ್ನು ಅದೇ ಊರಿನ ಖಂಡೆಪ್ಪನ ಆಡುಗಳು ತಿಂದು ತೇಗಿದ್ದವು. ಹಣ ಕೊಡುವವರ ದಿಲ್ಲಿ ಪ್ರತಿನಿಧಿ ಗುರುರಾಯರು ಇವತ್ತೇ ತೋಟ ನೋಡಲು ಬರುತ್ತಿದ್ದರು. ಖಾಲಿ ನೆಲ ಕಂಡರೆ ನೌಕರಿ ಹೋದಂತೆಯೇ.

ಕಮಲಾಪುರದಲ್ಲಿ ಬಸ್ಸಿಳಿದ ಕೂಡಲೇ, ತೋಟಕ್ಕೆ ತನ್ನ ಹಿತ್ತಲಿನ ಮರಿ ಕೊಟ್ಟಿದ್ದ ಮಲ್ಕಮ್ಮ ಎದುರಾದಳು. ಬಾಳೆಯ ಮರಿಯನ್ನು ಅಲ್ಲಿ ಯಾರೂ ಮಾರುವುದಿಲ್ಲ. ಒಯ್ದವರು ತಮ್ಮಲ್ಲಿ ಮರಿ ಒಡೆದಾಗ ಒಂದನ್ನು ತಿರುಗಿ ಕೊಡಬೇಕು.

"ನಮ್ಮನಿ ಮರಿ ಒಯ್ದು ವರ್ಷಾತು. ತಿರುಗಿ ಕೊಡೋದು ಯಾವಾಗ್ರಿ ಸಾಹೇಬ್ರ?"

ನೀಲಕಂಠನಿಗೆ ಅಳುವುದೊಂದೇ ಬಾಕಿ. ಎಲ್ಲ ಹೇಳಿಕೊಂಡ.

"ಚಿಂತಿ ಬಿಡ್ರಿ," ಎಂದ ಅಲ್ಲೇ ನಿಂತು ಕೇಳುತ್ತಿದ್ದ ಖಂಡೆಪ್ಪ. "ನನ್ನ ಆಡು ತಿಂದಾವ, ನಾನೇ ತೋಟ ನಿಂದ್ರಸ್ತೀನಿ."

ಮನೆಮನೆಯ ಹಿತ್ತಲಿನಿಂದ ಗಿಡಗಳು ಬೇರುಸಹಿತ ಬಂದವು. ತೋಟದ ಹಸಿ ಕೆಸರಲ್ಲಿ ನಿಲ್ಲಿಸಿದರೆ, ರಾತ್ರಿ ಭಜನೆಯಲ್ಲಿ ತೂಕಡಿಸುವವರ ಹಾಗೆ ಅತ್ತಿತ್ತ ವಾಲಿದವು. ಅಷ್ಟರಲ್ಲಿ ಜೀಪಿನ ಸದ್ದು. ಊರವರು ಒಬ್ಬೊಬ್ಬರು ಒಂದೊಂದು ಗಿಡ ತಬ್ಬಿಕೊಂಡು ನಿಂತರು.

"ಇದೇನ್ರೀ, ಗಿಡ ಯಾಕ ಅಪ್ಕೊಂಡಾರ?" ಗುರುರಾಯರು ಬೆರಗಾದರು.

"ಪ್ರೀತಿ ಸಾಹೇಬ್ರ!" ಎಂದ ನೀಲಕಂಠ. "ಜನರ ಸಹಭಾಗಿತ್ವ ಅಂದ್ರ ಇದೇ ನೋಡ್ರಿ."

ಆ ಹೊತ್ತಿಗೆ ಖಂಡೆಪ್ಪ ಸೀನಿದ. ಅವನ ಗಿಡ ಗುರುರಾಯರ ಪಾದದ ಮೇಲೆ ಅಡ್ಡಬಿತ್ತು.

"ನಮಸ್ಕಾರ ಮಾಡಾಕತ್ತದ್ರಿ," ಎಂದಳು ಮಲ್ಕಮ್ಮ, ಮುಖ ಗಂಟುಹಾಕಿಕೊಂಡೇ.

ಗುರುರಾಯರ ಕಣ್ಣು ತೇವವಾಯಿತು. "ನೀಲಕಂಠ, ಗೆದ್ದಿರಿ! ಖಾಲಿ ನೆಲ ಇದ್ದಿದ್ರ ಇನ್ನೂ ಐದು ವರ್ಷ ಹಣ ಕೊಡಬೇಕಂತ ಬಂದಿದ್ದೆ. ಈ ತಳಿ ಉಳೀತು. ನಾವು ಕೊಡೋದು ಸಾಯೋ ತಳಿಗಷ್ಟೇ. ಈ ತಿಂಗಳಿಗೇ ಯೋಜನೆ ಮುಗಿಸಿಬಿಡ್ರಿ."

ಹಾರ ಹಾಕಿಸಿಕೊಂಡು ಹೊರಟರು. ಅವರನ್ನು ಕರೆತಂದಿದ್ದ ಸಂಸ್ಥೆಯ ಜೀಪೂ ಅವರ ಜೊತೆಗೇ ಹೋಯಿತು.

ಊರವರು ತಮ್ಮ ತಮ್ಮ ಗಿಡ ಕಿತ್ತುಕೊಂಡರು. "ಮತ್ತ ಯಾರರ ಬಂದ್ರ ಹೇಳಿ ಕಳಸ್ರಿ," ಎಂದು ಖಂಡೆಪ್ಪ ಧೈರ್ಯ ಹೇಳಿ ಹೋದ.

ನೀಲಕಂಠ ಬೋರ್ಡಿನ ನೆರಳಲ್ಲಿ ಕುಸಿದು ಕುಳಿತ. ಕಾಲ ಬುಡದಲ್ಲೇ, ಆಡು ಕಡಿದ ಗಡ್ಡೆಯೊಂದು ಯಾರಿಗೂ ಹೇಳದೆ ಕೆಂಪು ಮೊಳಕೆಯ ಮರಿ ಒಡೆದಿತ್ತು. ಬೆರಳಿನಿಂದಲೇ ಮಣ್ಣು ಬಿಡಿಸಿ ಎತ್ತಿದ. ಮಲ್ಕಮ್ಮನ ಅಂಗಳಕ್ಕೆ ಹೋಗಿ ನಿಂತ. ಅವಳು ಉಡಿ ಒಡ್ಡಿದಳು. ಅವನು ಮರಿಯನ್ನು ಅದರೊಳಗೆ ಇಟ್ಟ.