ಮಾಮಾನ ಜುಬ್ಬಾ ಪರೀಕ್ಷೆ

ರಂಜಾನ್ ತಿಂಗಳದಾಗ ಹಿಮಾಯತ್‌ನಗರದೊಳಗ ಎಲ್ಲಾರಕಿಂತ ಹೆಚ್ಚು ಹೊಸ ಬಟ್ಟಿ ಹಾಕೋ ಮನುಷ್ಯಾ ಯಾರು ಗೊತ್ತೇನ್ರಿ? ನಮ್ಮವ್ವನ ಅಣ್ಣ, ನಮ್ಮ ಮಾಮಾ. ಪ್ರತಿ ವರ್ಷ ನಲವತ್ತು ಜುಬ್ಬಾ! ಹಬ್ಬದ ದಿನಾ ಮಾತ್ರ ಹಳೇದ ಹಾಕ್ಕೊಂಡು ಬರ್ತಾರ. ತಲಿ ಕೆಟ್ಟೈತಿ ಅಂತೀರೇನು? ನಾವೂ ಹಂಗ ಅಂತಿದ್ವಿ.

ಆ ನಲವತ್ತೂ ಜಕಾತಿನವು. ವರ್ಷದ ಉಳಿತಾಯದಾಗ ಬಡವರ ಪಾಲು ತಗದು ಕೊಡೋದು ನಮ್ಮಲ್ಲಿ ಫರ್ಜ್, ತಪ್ಪಿಸೋ ಹಂಗಿಲ್ಲ. ಪಟಾನ್‌ಚೆರು ಫ್ಯಾಕ್ಟರಿಯಿಂದ ರಿಟೈರ್ ಆದ ಮ್ಯಾಲೂ ಮಾಮಾ ತಪ್ಪಿಸಿಲ್ಲ. ಆದ್ರ ಮಂದಿ ಕೊಟ್ಟು ಕೈ ತೊಳಕೋತಾರ, ಇವರು ಕೊಡೋಕಿಂತ ಮೊದಲ ಪರೀಕ್ಷೆ ಮಾಡ್ತಾರ! ಅಕ್ಕಿ ಕೊಡೋದಿದ್ರ ಚೀಲಕ್ಕೊಂದು ಮುಷ್ಟಿ ಬೇಯಿಸಿ ಉಣ್ಣಬೇಕು. ಒಮ್ಮೆ ರೋಜಾದ ಉಪವಾಸ ಬಿಡಾಕ ಅವರ ಮನಿಗೆ ಹೋದೆ. ಹನ್ನೊಂದು ಬಟ್ಟಲ ಬಿಳಿ ಅನ್ನ, ಸಾರಿನ ಸುದ್ದಿ ಇಲ್ಲ!

"ಸಾರು ಹಾಕಿದ್ರ ಅಕ್ಕಿ ರುಚಿ ಹೆಂಗ ತಿಳೀತೈತಲೇ?" ಅಂದ್ರು.

ಈ ಸಲ ಜುಬ್ಬಾ ತರಾಕ ಕೋಠಿ ಬಜಾರಕ್ಕ ನನ್ನನ್ನೂ ಎಳಕೊಂಡು ಹೋದ್ರು. ಅಂಗಡ್ಯಾವ ಕೇಳಿದ, "ಜಕಾತ್ ಕಾ ಹೋನಾ, ಕಿ ಘರ್ ಕಾ?" ಜಕಾತಿಗೆ ಅಂದ್ರ ಅಗ್ಗದ ಗುಡ್ಡೆ, ಮನಿಗೆ ಅಂದ್ರ ಬ್ಯಾರೆ ಗುಡ್ಡೆ! ಮಾಮಾ ಅಗ್ಗದ ಗುಡ್ಡೆಯಿಂದ ಒಂದು ಜುಬ್ಬಾ ಎತ್ತಿ, ಮೈಮ್ಯಾಲೆ ಏರಿಸಿ, ಅಂಗಡಿ ನಡುವ ಮೊಳಕಾಲೂರಿ ಹಣಿ ನೆಲಕ್ಕ ಹಚ್ಚಿಬಿಟ್ರು. ನಮಾಜ್ ಮಾಡಾಕತ್ತಾರ ಅಂತ ಗಿರಾಕಿಗಳು, ಪಾಪ, ಮಾತು ನಿಲ್ಲಿಸಿ ಹಿಂದ ಸರದ್ರು. ಒಬ್ಬಾಕಿ ತನ್ನ ಕೂಸಿನ ಬಾಯಿ ಮುಚ್ಚಿದಳು. ಆಗ ಚರ್ ಅಂತು ನೋಡ್ರಿ! ಮಾಮಾ ಎದ್ದು ಹರಿದ ಬೆನ್ನು ತೋರಿಸಿ, "ಇದೇನಪಾ ನಿನ್ನ ಮಾಲು?" ಅಂದ್ರು.

ಮನಿ ಗುಡ್ಡೆಯಿಂದನ ನಲವತ್ತು ತಂದ್ವಿ. ಮುಗೀತಲ್ಲ? ಎಲ್ಲಿ ಮುಗೀತೈತಿ! ನಾಳೆ ಹಬ್ಬ, ಇವತ್ತು ಮಧ್ಯಾಹ್ನ ಅವ್ವ ಫೋನ್ ಮಾಡಿದಳು. "ಜುಬ್ಬಾ ಇನ್ನೂ ನಿಮ್ಮ ಮಾಮಾನ ಕಡೆನ ಅದಾವ. ಸಂಜಿಯೊಳಗ ಹಂಚದಿದ್ರ ನಲವತ್ತು ಮಂದಿ ನಾಳೆ ಹಳೇ ಬಟ್ಟಿಯಾಗ ನಮಾಜಿಗೆ ಹೋಗ್ತಾರ. ಕಸ್ಕೊಂಡಾರೆ ಬಾ!"

ಹೋಗಿ ನೋಡಿದ್ರ ಮಾಮಾ ಒಂದೊಂದ ಹಾಕ್ಕೊಂಡು ಬಗ್ಗಾಕತ್ತಾರ. ಮೊಳಕಾಲು ನೋವಿನ ಮನುಷ್ಯಾ! ಹದಿನೇಳು ಉಳಿದಿದ್ವು. ನನಗ ಭಾಳ ಸಿಟ್ಟು ಬಂತು.

"ಸಾಕ್ರಿ ಮಾಮಾ! ಹಬ್ಬ ಮುಗದ ಮ್ಯಾಲೆ ಕೊಡ್ತೀರೇನು? ಹರದ್ರ ಹೊಲಕೋತಾರ ಬಿಡ್ರಿ."

ಮಾಮಾ ಗ್ವಾಡಿ ಹಿಡಕೊಂಡು ಎದ್ದು ನಿಂತ್ರು. "ನಾ ಎಂಟು ವರ್ಷದಾಂವ ಇದ್ದಾಗ ಯಾರೋ ನಮ್ಮ ಅಬ್ಬಾಗ ಜಕಾತಿನ ಜುಬ್ಬಾ ಕೊಟ್ಟಿದ್ರು. ಹಬ್ಬದ ನಮಾಜಿನ್ಯಾಗ ಬಗ್ಗಿದ್ದ ತಡ, ಬೆನ್ನುದ್ದಕ್ಕೂ ಹರೀತು. ಹಿಂದಿನ ಸಾಲಿನ್ಯಾಗ ಯಾರೋ ಕಿಸಕ್ಕಂತ ನಕ್ರು. ಎಲ್ಲಾರೂ ಎದ್ರು, ಅಬ್ಬಾ ಏಳಲಿಲ್ಲ. ಹಣಿ ನೆಲಕ್ಕ ಹಚ್ಚಿಕೊಂಡ ಇದ್ರು. ನಾ ಬಾಜೂಕ ನಿಂತಿದ್ದೆ." ಹಾಕ್ಕೊಂಡ ಜುಬ್ಬಾದ ತೋಳು ಜಗ್ಗಿ ನೋಡ್ಕೋತ ಅಂದ್ರು, "ಹೊಲಕೊಂಡ್ರು ಬೇಟಾ. ಜುಬ್ಬಾ ಹೊಲಕೊಂಡ್ರು."

ಅವರ ಅಬ್ಬಾ ಅಂದ್ರ ನನ್ನ ಅಜ್ಜ. ಮಾಮಾನ್ನ ಕುರ್ಚಿ ಮ್ಯಾಲೆ ಕೂಡಿಸಿ, ಅಂಗಿ ತಗದು, ಒಂದು ಜುಬ್ಬಾ ಹಾಕ್ಕೊಂಡು ಮೊಳಕಾಲೂರಿದೆ.

"ಪೂರಾ ಬಗ್ಗು," ಅಂದ್ರು.

ಹಣಿ ನೆಲಕ್ಕ ಹಚ್ಚಿದೆ. ಅವರ ಕೈ ನನ್ನ ಬೆನ್ನಿನ ಹೊಲಿಗಿ ಗುಂಟ ಮೆಲ್ಲಕ ಹಾದು ಹೋತು.

"ಗಟ್ಟಿ ಐತಿ. ಏಳು ಬೇಟಾ, ಇನ್ನೂ ಹದಿನಾರು ಅದಾವ."

ತಟ್ಟನ ಏಳಾಕ ನನಗ ಆಗಲಿಲ್ಲ.