ಮಾವ ನನ್ನ ಪಾಯಿಂಟ್ ನೋಡಿದ್ದು

ನಮ್ಮ ಮಾವನ ಎದುರಿಗೆ ದೇವರೇ ಪ್ರತ್ಯಕ್ಷನಾದರೂ ಅವರು ವರ ಕೇಳುವುದಿಲ್ಲ. ಮೊದಲು ಕೂರಿಸುತ್ತಾರೆ, ಕುಡಿಯಲು ನೀರು ಕೊಡುತ್ತಾರೆ, ಆಮೇಲೆ ಮೆತ್ತಗೆ ಕೇಳುತ್ತಾರೆ: "ಸ್ವಾಮಿ, ತಿಂಗ್ಳಿಗೆ ಕೈಗೆ ಎಷ್ಟು ಬತ್ತೈತೆ?" ಹುಂಡಿಯದು ಬೇರೆ, ಅಭಿಷೇಕದ್ದು ಬೇರೆ ಎಂದು ದೇವರು ಬಿಡಿಸಿ ಹೇಳುವ ತನಕ ಬಿಡುವುದೂ ಇಲ್ಲ!

ನೀವು ನಗಬಹುದು. ಏರ್ಕಾಡ್ ಬೆಟ್ಟ ಹತ್ತುವ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದ ನನಗೆ ನಗು ಬರಲಿಲ್ಲ. ಬಸ್ಸಿನ ಮೂತಿ ಕಣಿವೆಯ ಮೇಲೆ ಚಾಚಿಕೊಂಡು ತಿರುಗುವ ಒಂದು ತಿರುವಿನಲ್ಲಿ ಮಾವ ಮುಂದಕ್ಕೆ ಬಗ್ಗಿ ಡ್ರೈವರನ್ನು ತಮಿಳಿನಲ್ಲಿ ಕೇಳಿದರು: "ಎನ್ನಂಗ ಸಾರ್, ಸಂಬಳಂ ಎವ್ವಳವು ವರುದು?" ಸಂಬಳದ ಮಾತೆತ್ತಿದರೆ ಯಾರಿಗೆ ಸಂಕಟವಾಗುವುದಿಲ್ಲ? ಆ ಪುಣ್ಯಾತ್ಮ ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು, ಪೂರ್ತಿ ಹಿಂದಕ್ಕೆ ತಿರುಗಿ, ಬಾಕಿ ಇರುವ ಓವರ್‌ಟೈಮಿನ ಕಥೆ ಶುರುಮಾಡಿದ. ಇಡೀ ಬಸ್ಸು ತಂತಮ್ಮ ಕುಲದೇವರನ್ನು ಕೂಗಿಕೊಂಡಿತು. ಮೇಲೆ ಹೋಗಿ ಇಳಿದಾಗ ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ಮಾವನ ಚಿಂತೆಯೇ ಬೇರೆ. "ಪಾಪ ಲಾ, ಇಷ್ಟ್ ತಿರುವಿಗೆ ಆ ದುಡ್ಡು ಕಮ್ಮಿ" ಎಂದರು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ಕನ್ನಡದವರು ನಾವು. ಮಾವ ಪಾಪಿರೆಡ್ಡಿಪಟ್ಟಿ ಹತ್ತಿರ ಮರಗೆಣಸು ಬೆಳೆಯುತ್ತಿದ್ದರು. ಗೆಣಸನ್ನು ಲಾರಿಗೆ ತುಂಬಿ ಸೇಲಂ ಕಡೆಯ ಸಬ್ಬಕ್ಕಿ ಕಾರ್ಖಾನೆಗೆ ಒಯ್ದರೆ, ಅಲ್ಲಿ ಮೂಟೆಯಿಂದ ಒಂದಿಷ್ಟು ಗೆಣಸು ತೆಗೆದು ಅದರಲ್ಲಿ ಹಿಟ್ಟಿನಂಶ ಎಷ್ಟಿದೆ ಎಂದು ನೋಡುತ್ತಾರೆ. ಅದಕ್ಕೆ 'ಪಾಯಿಂಟ್' ಎಂದು ಹೆಸರು. ಪಾಯಿಂಟ್ ಮೇಲೆ ರೇಟು. ಗೆಣಸು ನೋಡಲು ಎಷ್ಟೇ ದಪ್ಪಗಿರಲಿ, ಪಾಯಿಂಟ್ ಇಲ್ಲದಿದ್ದರೆ ಮರ್ಯಾದೆ ಇಲ್ಲ. ಇಷ್ಟು ವರ್ಷ ಈ ವ್ಯವಹಾರ ಮಾಡಿದ ಮಾವ ಮನುಷ್ಯರಿಗೂ ಪಾಯಿಂಟ್ ನೋಡುವುದನ್ನು ಕಲಿತಿದ್ದರು. ಹೆಣ್ಣು ನೋಡಲು ಬಂದ ವರನನ್ನು ಮೇಲಿಂದ ಕೆಳಗೆ ನೋಡಿ, "ಆಳು ದಪ್ಪ ಅವ್ನೆ, ಪಾಯಿಂಟ್ ಇಲ್ಲ" ಎಂದುಬಿಟ್ಟರೆ ಆ ಸಂಬಂಧ ಅಲ್ಲಿಗೆ ಮುಗಿಯಿತು!

ಇಂಥವರ ಮುಂದೆ ನನ್ನ ಮೊಕದ್ದಮೆ ಬಂತು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಸೇಲಂನಲ್ಲಿ ಪ್ಲಸ್ ಟೂ ಓದುತ್ತಿದ್ದೆ. ಮದರಾಸಿಗೆ ಹೋಗಿ ಐದು ವರ್ಷ ಚಿತ್ರಕಲೆಯ ಡಿಗ್ರಿ ಮಾಡುತ್ತೇನೆ ಎಂದು ಮನೆಯಲ್ಲಿ ಘೋಷಿಸಿದ್ದೆ. ಕಲಾವಿದನಿಗೆ ಬೇಕಾದದ್ದೆಲ್ಲ ನನ್ನಲ್ಲಿತ್ತು: ಹೆಗಲಿಗೊಂದು ಜೋಳಿಗೆ ಚೀಲ, ಗದ್ದದಲ್ಲಿ ನಾಲ್ಕು ಕೂದಲು, ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುವ ಅಭ್ಯಾಸ. ಚಿತ್ರ ಬರೆಯಲು ಬರುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ನಾನು ಬರೆದ ಅಜ್ಜಿಯ ಚಿತ್ರ ನೋಡಿ ಅಜ್ಜಿಯೇ, "ಕರು ಚೆನ್ನಾಗೈತೆ ಮಗಾ" ಎಂದಿದ್ದರು.

ಗುಮಾಸ್ತರಾಗಿದ್ದ ಅಪ್ಪ ಒಂದೇ ಮಾತಿನಲ್ಲಿ ತಪ್ಪಿಸಿಕೊಂಡರು. "ನಿಮ್ಮ ಮಾವನ ಕೇಳು." ನಮ್ಮ ಕಡೆ ಅದು ಪದ್ಧತಿ. ಚಿಕ್ಕಂದಿನಲ್ಲಿ ಕಿವಿ ಚುಚ್ಚಿಸುವಾಗ ಯಾರ ತೊಡೆಯ ಮೇಲೆ ಕೂತು ಅತ್ತಿರುತ್ತೇವೋ ಆ ಸೋದರಮಾವನ ಮಾತು ದಾಟುವಂತಿಲ್ಲ.

ಪೊಂಗಲಿಗೆ ಊರಿಗೆ ಹೋದಾಗ ಮಾವ ವಿಚಾರಣೆ ಶುರುಮಾಡಿದರು. ಅಳಿಯನಾದ ನನ್ನನ್ನು ಅವರು ಕರೆಯುತ್ತಿದ್ದುದು ತಮಿಳಿನ 'ಮಾಪ್ಳೆ' ಎಂದೇ.

"ಐದು ವರ್ಸ ಓದಿ ಏನಾಯ್ತೀಯ ಮಾಪ್ಳೆ?"

"ಆರ್ಟಿಸ್ಟ್ ಆಗ್ತೀನಿ ಮಾವ."

"ಅದು ಸರಿ. ಕೆಲ್ಸ ಏನು?"

ನಾನು ಕಿಟಕಿಯಾಚೆ ನೋಡಿ ನಿಟ್ಟುಸಿರು ಬಿಟ್ಟೆ. ಅದು ಉತ್ತರವಲ್ಲ ಎಂದು ಮಾವನಿಗೆ ಗೊತ್ತಾಯಿತು. "ಸರಿ, ನಾಳೆ ಮಾಟ್ಟು ಪೊಂಗಲ್. ಎತ್ತಿನ ಕೊಂಬಿಗೆ ನೀನೇ ಬಣ್ಣ ಬಳಿ. ಪಾಯಿಂಟ್ ನೋಡಾನ" ಎಂದರು.

ನಾನು ಬಿಡುತ್ತೇನೆಯೇ? ಬೆಳಿಗ್ಗೆ ಎದ್ದು ಒಂದು ಎತ್ತಿನ ಕೊಂಬಿಗೆ ಕಪ್ಪು, ಕೆಂಪು ಬಳಿದೆ. ಇನ್ನೊಂದು ಎತ್ತಿಗೂ ಅದೇ ಬಳಿದರೆ ಅದು ಕಲೆಯೇ? ಅದಕ್ಕೆ ಮಧ್ಯದಲ್ಲಿ ಒಂದು ಬಿಳಿ ಪಟ್ಟೆ ಸೇರಿಸಿದೆ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಅದ್ಭುತವಾಗಿತ್ತು! ತಮಿಳುನಾಡಿನಲ್ಲಿ ಹುಟ್ಟಿ, ಗೋಡೆ ಗೋಡೆಯ ಮೇಲೂ ಆ ಬಣ್ಣಗಳನ್ನು ನೋಡುತ್ತ ಬೆಳೆದ ಯಾವ ಮೂರ್ಖನೂ ಮಾಡದ ತಪ್ಪನ್ನು ನಾನು ಮಾಡಿದ್ದೆ. ಕಪ್ಪು-ಕೆಂಪು ಒಂದು ಪಕ್ಷದ ಬಾವುಟ, ನಡುವೆ ಬಿಳಿ ಬಿದ್ದರೆ ಎದುರು ಪಕ್ಷದ್ದು. ಒಂದು ಎತ್ತು ಒಂದು ಪಕ್ಷ ಸೇರಿತ್ತು, ಇನ್ನೊಂದು ಎತ್ತು ಎದುರು ಪಕ್ಷ!

ಮಾವ ತಾವು ಯಾರಿಗೆ ಓಟು ಹಾಕುತ್ತೇವೆಂದು ಅತ್ತೆಗೂ ಹೇಳಿದವರಲ್ಲ. ಗಾಡಿ ಬೀದಿಗೆ ಬಂದದ್ದೇ ತಡ, ಈ ಕಡೆಯಿಂದ ನಾಲ್ಕು ಜನ, ಆ ಕಡೆಯಿಂದ ನಾಲ್ಕು ಜನ ಬಂದು ಅಡ್ಡ ನಿಂತರು. ಇವರಿಗೆ ಎಡದ ಎತ್ತಿನ ಮೇಲೆ ಸಿಟ್ಟು, ಅವರಿಗೆ ಬಲದ ಎತ್ತಿನ ಮೇಲೆ. ನಾನು ಹುಲ್ಲಿನ ಬಣವೆಯ ಹಿಂದೆ ಅಡಗಿದ್ದೆ. ಮಾವ ಗಾಡಿಯಿಂದ ಇಳಿಯಲೇ ಇಲ್ಲ. "ಯಾಕ್ರಪ್ಪಾ? ನಿಮ್ಮ ಎರಡು ಪಾರ್ಟಿನೂ ಒಂದೇ ನೊಗ ಎಳೀತಾ ಅವೆ. ಸಂತೋಸ ಪಡಿ!" ಎಂದು ಎತ್ತುಗಳನ್ನು ಹೊಡೆದುಕೊಂಡು ಹೋದರು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಮಾವ, "ಒಂದು ಗೆಣಸು ನೋಡಿ ಪಾಯಿಂಟ್ ಏಳ್ಬಾರ್ದು. ನಾಕಾರು ತೆಗ್ದು ನೋಡ್ಬೇಕು" ಎಂದರು. ಪರೀಕ್ಷೆ ಮುಗಿದ ಮೇಲೆ ಬೇಸಿಗೆಯಲ್ಲಿ ನನ್ನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಸೇಲಂ ಜಿಲ್ಲೆಯ ಕಲಾವಿದರ ಆದಾಯ ವಿಚಾರಿಸಲು ಹೊರಟರು. ಬಿಸಿಲಿಗೆ ನನ್ನ ಗದ್ದದ ನಾಲ್ಕು ಕೂದಲೂ ಬಾಡಿದವು.

ಮೊದಲು ಸಿಕ್ಕಿದವನು ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಬೋರ್ಡ್ ಬರೆಯುವವನು. ಆದಾಯ ಪರವಾಗಿಲ್ಲ ಎಂದ. ಎಲ್ಲಿಯವರೆಗೆ ಓದಿದ್ದೀ ಎಂದರೆ ಐದನೇ ಕ್ಲಾಸು. "ಡಿಗ್ರಿ ಓದಿರೋನು ಅಗೋ ಅಲ್ಲಿದಾನೆ" ಎಂದು ಬೆರಳು ತೋರಿಸಿದ. ಮೂಲೆಯಲ್ಲಿ ಜೋಳಿಗೆ ಚೀಲದವನೊಬ್ಬ ಕೂತು ಅವನ ಬ್ರಷ್ ತೊಳೆಯುತ್ತಿದ್ದ! ಮಾವ ಅವನ ಚೀಲ ನೋಡಿದರು, ನನ್ನ ಚೀಲ ನೋಡಿದರು. ಮೊಪೆಡ್ ಹತ್ತಿದರು.

ಆಮೇಲೆ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅವರು ಸಂಕೋಚವಿಲ್ಲದೆ ಹೇಳಿದರು, "ನನ್ನ ಪೀರಿಯಡ್ಡನ್ನೆಲ್ಲ ಗಣಿತದೋರು ತಗೊಂಡ್ಬಿಡ್ತಾರೆ ಅಣ್ಣಾ. ಸಂಬಳ ಮಾತ್ರ ನಾನೇ ತಗೊಳ್ತೀನಿ." ಮಾವನ ಮುಖ ಅರಳಿತು. "ಮಾಪ್ಳೆ, ಇದು ಒಳ್ಳೆ ಪಾಯಿಂಟ್!"

ಕೊನೆಗೆ ತಾರಮಂಗಲಂ ದೇವಸ್ಥಾನ. ಒಂದು ಕಂಬದ ಕೆತ್ತನೆಯ ಮುಂದೆ ಮಾವ ನಿಂತರು. ಅಲ್ಲೇ ಇದ್ದ ಅರ್ಚಕರನ್ನು, "ಇದ ಮಾಡಿದೋನ್ಗೆ ಎಷ್ಟು ಕೊಟ್ರು ಸಾಮಿ?" ಎಂದು ಕೇಳಿದರು. ಅರ್ಚಕರು ನಕ್ಕು, ಅವನ ಹೆಸರೇ ಯಾರಿಗೂ ಗೊತ್ತಿಲ್ಲ ಎಂದರು.

"ಎಸ್ರೂ ಇಲ್ಲ, ಕೂಲಿನೂ ಗೊತ್ತಿಲ್ಲ. ಇದುಕ್ಕೆ ಐದು ವರ್ಸ ಓದ್ಬೇಕಾ ಲಾ?" ಎಂದು ನನ್ನನ್ನು ಬೈದರು. ಬೈದವರು ಅಲ್ಲಿಂದ ಕದಲಲಿಲ್ಲ. ಆ ಕಲ್ಲಿನ ಮೇಲೆ ಕೈಯಾಡಿಸುತ್ತ, ದೇವಸ್ಥಾನದ ಬಾಗಿಲು ಹಾಕುವ ಹೊತ್ತಾಯಿತು ಎಂದು ಅರ್ಚಕರು ಬಂದು ಎಬ್ಬಿಸುವ ತನಕ ಅಲ್ಲೇ ಕೂತಿದ್ದರು.

ತೀರ್ಪಿನ ದಿನ ಅಪ್ಪ, ಅಮ್ಮ, ಅತ್ತೆ ಎಲ್ಲರೂ ಸೇಲಂ ಮನೆಯ ಹಾಲ್‌ನಲ್ಲಿ ಸೇರಿದರು. ಮಾವ ಎದ್ದು ನಿಂತು ಲೆಕ್ಕ ಹೇಳಿದರು. ಹಾಸ್ಟೆಲ್ಲು, ಊಟ, ಬಣ್ಣ, ಬ್ರಷ್ಷು, ಎಲ್ಲ ಸೇರಿ ವರ್ಷಕ್ಕೊಂದು ಲಾರಿ ಗೆಣಸು. ಐದು ವರ್ಷಕ್ಕೆ ಐದು ಲಾರಿ. ವಾಪಸ್ ಬರುವುದು ಒಂದು ಜೋಳಿಗೆ ಚೀಲ.

"ಪೂರಾ ನಷ್ಟ" ಎಂದರು. ಅಪ್ಪನ ಮುಖದಲ್ಲಿ ಗೆಲುವು ಬಂತು. ಅಮ್ಮ ತಲೆ ತಗ್ಗಿಸಿದಳು. ನನಗೆ ನಿಟ್ಟುಸಿರು ಬಿಡಲೂ ಆಗಲಿಲ್ಲ.

ಮಾವ ಕೂರಲಿಲ್ಲ. "ಬಾವಾ, ನಮ್ಮ ಬಾವಿ ತಾವ ಒಂದ್ ಸಾಲು ಕನಕಾಂಬ್ರ ಐತೆ, ನೋಡಿದ್ದೀರಲ್ಲ? ಇವ್ಳು ಮುಡ್ಕಳ್ಳಲಿ ಅಂತ ಆಕಿದ್ದು. ನೀರು, ಗೊಬ್ರ ಎಲ್ಲಾ ಓಯ್ತದೆ. ಒಂದ್ ಪೈಸೆ ಬರಾಕಿಲ್ಲ. ಅದ್ರ ಲೆಕ್ಕ ನಾನು ಯಾವತ್ತೂ ನೋಡಿಲ್ಲ" ಎಂದು ಅತ್ತೆಯ ಕಡೆ ನೋಡದೆ ಹೇಳಿದರು. "ಈ ಉಡುಗ್ನ ಆ ಸಾಲಿಗೆ ಸೇರ್ಸಿ. ಓಗ್ಲಿ ಬಿಡಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಮದರಾಸಿಗೆ ಹೋದೆ.

ಓದು ಮುಗಿಸಿ ಬಂದವನು ಮಾವ ಮೆಚ್ಚಿದ ಉದ್ಯೋಗಕ್ಕೇ ಬಂದು ಬಿದ್ದೆ. ಸೇಲಂನ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಪೀರಿಯಡ್ಡನ್ನೂ ಗಣಿತದವರೇ ತೆಗೆದುಕೊಳ್ಳುತ್ತಿದ್ದರು. ಹೇಳಿಕೊಳ್ಳುವಂಥ ಸಂಬಳವೂ ಇರಲಿಲ್ಲ. ಮಾವ ಕೇಳಿದರೆ ಏನು ಹೇಳುವುದು ಎಂಬ ಭಯದಲ್ಲಿ ಒಂದು ಸುಳ್ಳು ಮೊತ್ತವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಕೇಳಲಿಲ್ಲ. ಪ್ರತಿ ಪೊಂಗಲಿಗೂ ನನ್ನ ಬಸ್ಸು ಬರುವ ತನಕ ಎತ್ತುಗಳನ್ನು ಬರಿಗೊಂಬಿನಲ್ಲೇ ನಿಲ್ಲಿಸಿರುತ್ತಿದ್ದರು. ಬಣ್ಣ ಬಳಿಸಿಕೊಂಡು ಊಟ ಹಾಕಿ ಕಳಿಸುತ್ತಿದ್ದರು. ಸಂಬಳದ ಮಾತಿಲ್ಲ!

ಆಮೇಲೊಂದು ವರ್ಷ ಮಾವ ಕಣ್ಣಿನ ಆಪರೇಷನ್ನಿಗೆಂದು ಸೇಲಂ ಆಸ್ಪತ್ರೆ ಸೇರಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದಲ್ಲಿಂದಲೇ ಡಾಕ್ಟರಿಗೆ, "ಒಂದ್ ಕಣ್ಣಿಗೆ ನಿಮ್ಗೆ ಎಷ್ಟು ಬತ್ತೈತೆ?" ಎಂದು ಕೇಳಿದರು. ನರ್ಸನ್ನು ಕೇಳಿದರು, ನೆಲ ಒರೆಸುವವಳನ್ನು ಕೇಳಿದರು. ಪಕ್ಕದ ಸ್ಟೂಲಿನ ಮೇಲೆ ಕೂತ ನನ್ನನ್ನು ಬಿಟ್ಟು ಎಲ್ಲರನ್ನೂ ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಮಾವ, ಊರೋರ್ನೆಲ್ಲ ಕೇಳ್ತೀರ. ನನ್ನ ಯಾಕೆ ಕೇಳಾಕಿಲ್ಲ?"

ಮಾವ ಪಟ್ಟಿ ಇಲ್ಲದ ಕಣ್ಣಿನಿಂದ ನನ್ನನ್ನು ಹುಡುಕಿ, ಕೈ ಹಿಡಿದುಕೊಂಡರು. ಉಗುರಿನ ಸಂದಿಯಲ್ಲಿ ಅಂಟಿದ್ದ ನೀಲಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಆಮೇಲೆ ಕೇಳಿದರು:

"ಬಣ್ಣ ತಕ್ಕಳಕ್ಕೆ ಸಾಲ್ತೈತಾ ಮಾಪ್ಳೆ?"

ಬಾಯಿಪಾಠ ಮಾಡಿದ್ದ ಮೊತ್ತ ಮರೆತೇಹೋಯಿತು. "ಸಾಲ್ತೈತೆ ಮಾವ" ಎಂದೆ.

"ಸಾಕು ಬಿಡು" ಎಂದು ಅವರು ಕಣ್ಣು ಮುಚ್ಚಿದರು. ಕೈ ಬಿಡಲಿಲ್ಲ.